ಜೀನಿಗೆ ಹೆಸರಿದೆ, ಪುರಾವೆ ಎಷ್ಟಿದೆ?

ರಾಗಿ ಗಿಡದಲ್ಲಿ ಎಷ್ಟು ಜೀನ್‌ಗಳಿವೆ? 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ತಳಿಯ ಜೀನೋಮ್ ಓದಿ ಪ್ರಕಟಿಸಿದಾಗ ಸಿಕ್ಕ ಉತ್ತರ 85,243. ಮರುವರ್ಷ ಜ್ಯೂರಿಕ್ ವಿಶ್ವವಿದ್ಯಾಲಯದವರು ಬೆಂಗಳೂರಿನ ಕೃಷಿ ವಿಜ್ಞಾನಿಗಳ ಜೊತೆ ಸೇರಿ ಪಿಆರ್-202 ತಳಿಯನ್ನು ಓದಿದರು; ಲೆಕ್ಕ ಸುಮಾರು 62 ಸಾವಿರಕ್ಕೆ ಇಳಿಯಿತು. 2023ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಕತ್ರಿಯೆನ್ ದೆವೋಸ್ ಮುಂದಾಳತ್ವದ ದೊಡ್ಡ ತಂಡ ಪೂರ್ವ ಆಫ್ರಿಕಾದ ಒಂದು ತಳಿಯ ಜೀನೋಮನ್ನು ವರ್ಣತಂತುಗಳ ಮಟ್ಟಕ್ಕೆ ಜೋಡಿಸಿತು. ಆಗ ಸಂಖ್ಯೆ 49 ಸಾವಿರದ ಆಸುಪಾಸಿಗೆ ಬಂದು ನಿಂತಿತು. ಆರು ವರ್ಷಗಳಲ್ಲಿ ರಾಗಿ 36 ಸಾವಿರದಷ್ಟು ಜೀನ್‌ಗಳನ್ನು ಕಳೆದುಕೊಂಡಿತೇ? ಖಂಡಿತ ಇಲ್ಲ. ತಳಿ ಬೇರೆಯಾದ ಮಾತ್ರಕ್ಕೆ ಇಷ್ಟು ದೊಡ್ಡ ಅಂತರ ಬರುವುದೂ ಇಲ್ಲ. ಮೂರೂ ತಂಡಗಳು ಆಯಾ ಕಾಲದ ಒಳ್ಳೆಯ ತಂತ್ರಾಂಶಗಳನ್ನೇ ಬಳಸಿದ್ದವು, ಶ್ರದ್ಧೆಯಿಂದಲೇ ದುಡಿದಿದ್ದವು. ವಿಷಯವೇನೆಂದರೆ, ಜೀನ್‌ಗಳ ಸಂಖ್ಯೆಯನ್ನು ಯಾರೂ ಎಣಿಸಿ ಹೇಳುವುದಿಲ್ಲ, ತಂತ್ರಾಂಶದಿಂದ ಅಂದಾಜು ಮಾಡಿ ಹೇಳುತ್ತಾರೆ. ಸಂಖ್ಯೆಯೇ ಅಂದಾಜಾದ ಮೇಲೆ, ಆ ಒಂದೊಂದು ಜೀನಿನ ಎದುರು ಬರೆದಿರುವ ‘ಇದರ ಕೆಲಸ ಇಂಥದ್ದು’ ಎಂಬ ಟಿಪ್ಪಣಿ ಇನ್ನೂ ದೊಡ್ಡ ಅಂದಾಜು. ಆದ್ದರಿಂದ ಜೀನಿನ ಹೆಸರನ್ನೂ ಆ ಹೆಸರಿಗಿರುವ ಪುರಾವೆಯನ್ನೂ ಎಂದೂ ಬೇರ್ಪಡಿಸಬಾರದು. ಅಷ್ಟೇ ಅಲ್ಲ, ಜೀನೋಮ್ ಓದಲು ಸುರಿಯುವ ಹಣದ ಒಂದು ಪಾಲು ಆ ಪುರಾವೆಯನ್ನು ಗಟ್ಟಿ ಮಾಡಲು ಮೀಸಲಾಗಬೇಕು ಎಂಬುದು ಈ ಲೇಖನದ ವಾದ.

ಅಂದಾಜು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಿಎನ್‌ಎ ಓದುವ ಯಂತ್ರಗಳು ಇಡೀ ವರ್ಣತಂತುವನ್ನು ಒಂದೇ ಉಸಿರಿಗೆ ಓದುವುದಿಲ್ಲ. ಚೂರುಚೂರಾಗಿ ಓದುತ್ತವೆ, ಆ ಚೂರುಗಳನ್ನು ಜೋಡಿಸುವುದು ತಂತ್ರಾಂಶದ ಪಾಲಿನ ಕೆಲಸ. ರಾಗಿಯಲ್ಲಿ ಈ ಜೋಡಣೆ ಇನ್ನಷ್ಟು ಕಷ್ಟ. ಹಿಂದೆಂದೋ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿ ಹುಟ್ಟಿದ ಗಿಡ ಇದು. ಅದರ 36 ವರ್ಣತಂತುಗಳಲ್ಲಿ ಎರಡೂ ಪೂರ್ವಜರ ಜೀನೋಮ್‌ಗಳು ಅಕ್ಕಪಕ್ಕ ಕುಳಿತಿವೆ. ಬಹುತೇಕ ಜೀನ್‌ಗಳಿಗೆ ತೀರಾ ಹೋಲುವ ಇನ್ನೊಂದು ಪ್ರತಿ ಇರುತ್ತದೆ. ಒಂದೇ ಕೈಬರಹದ ಎರಡು ಪತ್ರಗಳನ್ನು ಹರಿದು ಬೆರೆಸಿಟ್ಟರೆ ಯಾವ ಚೂರು ಯಾವ ಪತ್ರದ್ದು ಎಂದು ಹೇಳುವುದು ಎಷ್ಟು ಕಷ್ಟವೋ ಇದೂ ಅಷ್ಟೇ. 2017ರ ಕೆಲಸದಲ್ಲಿ ಜೋಡಣೆ ಮುಗಿದ ಮೇಲೂ ಐದು ಲಕ್ಷಕ್ಕೂ ಹೆಚ್ಚು ತುಣುಕುಗಳು ಉಳಿದಿದ್ದವು. ಒಂದು ಜೀನಿನ ಮೊದಲರ್ಧ ಒಂದು ತುಣುಕಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬಿದ್ದರೆ ತಂತ್ರಾಂಶ ಅದನ್ನು ಎರಡು ಜೀನ್ ಎಂದೇ ಎಣಿಸುತ್ತದೆ. ಉದ್ದುದ್ದ ಓದುವ ಯಂತ್ರಗಳು ಬಂದಂತೆ ತುಣುಕುಗಳು ಕೂಡಿಕೊಂಡವು, ಹುಸಿ ಜೀನ್‌ಗಳು ಉದುರಿದವು.

ಜೋಡಣೆಯ ನಂತರ ಜೀನ್ ಹುಡುಕುವ ಕೆಲಸ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ನೂರು ಕೋಟಿಗೂ ಮೀರಿದ ಸಾಲಿನಲ್ಲಿ ಪ್ರೋಟೀನಿನ ಸೂತ್ರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಪತ್ತೆ ಹಚ್ಚಬೇಕು. ಸೂತ್ರ ಎಟಿಜಿ ಎಂಬ ಮೂರಕ್ಷರದಿಂದ ಶುರುವಾಗುತ್ತದೆ. ಟಿಎಎ, ಟಿಎಜಿ, ಟಿಜಿಎ ಇವುಗಳಲ್ಲಿ ಒಂದು ಬಂದಾಗ ಮುಗಿಯುತ್ತದೆ. ಕೇಳಲು ಸುಲಭ. ಆದರೆ ಇಂಥ ಮೂರಕ್ಷರಗಳು ಕಾಕತಾಳೀಯವಾಗಿ ಎಲ್ಲೆಂದರಲ್ಲಿ ಬೀಳುತ್ತವೆ. ನಿಜವಾದ ಜೀನ್‌ಗಳ ಒಳಗೂ ನಡುನಡುವೆ ಸೂತ್ರಕ್ಕೆ ಸೇರದ ಉದ್ದನೆಯ ಭಾಗಗಳು ಇರುತ್ತವೆ. 1997ರಲ್ಲಿ ಬಂದ ಜೆನ್‌ಸ್ಕ್ಯಾನ್, ಅದರ ನಂತರದ ಆಗಸ್ಟಸ್, ಮೇಕರ್ ಮುಂತಾದವು ಸಂಭವನೀಯತೆಯ ಗಣಿತದಿಂದ ಈ ಗಂಟನ್ನು ಬಿಡಿಸುತ್ತವೆ: ಗೊತ್ತಿರುವ ಜೀನ್‌ಗಳಲ್ಲಿ ಅಕ್ಷರಗಳ ಹಂಚಿಕೆ ಹೇಗಿದೆ ಎಂದು ಕಲಿತು, ಹೊಸ ಸಾಲಿನಲ್ಲಿ ಅದೇ ಚಹರೆಯನ್ನು ಹುಡುಕುತ್ತವೆ. ಜೀವಕೋಶದಲ್ಲಿ ಜೀನ್‌ಗಳಿಂದ ನಿಜಕ್ಕೂ ತಯಾರಾದ ಆರ್‌ಎನ್‌ಎಯನ್ನು ಓದಿ ಹೊಂದಿಸಿ ನೋಡಿದರೆ ಅಂದಾಜು ಎಷ್ಟೋ ಸುಧಾರಿಸುತ್ತದೆ. ಪ್ರಪಂಚದ ಅತಿ ಹೆಚ್ಚು ಪ್ರಯೋಗಾಲಯಗಳು ಬೆನ್ನುಹತ್ತಿದ ಮನುಷ್ಯನ ಜೀನೋಮಿನ ಕಥೆಯೂ ಬೇರೆಯಲ್ಲ. 2001ರಲ್ಲಿ ಅದರ ಕರಡು ಬಂದಾಗ ಹೇಳಿದ್ದು 30ರಿಂದ 40 ಸಾವಿರ ಜೀನ್. ಈಗ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ ಎನ್ನುತ್ತಾರೆ.

ಜೀನ್ ಎಲ್ಲಿದೆ ಎಂಬುದು ಅಷ್ಟಿಷ್ಟು ತಿಳಿಯಿತು. ಅದು ಏನು ಮಾಡುತ್ತದೆ ಎಂಬ ಎರಡನೆಯ ಪ್ರಶ್ನೆಯೇ ನಿಜವಾದ ತೊಡಕು. ಇಲ್ಲಿ ಮುಖ್ಯ ಸಾಧನ 1990ರಲ್ಲಿ ಸ್ಟೀಫನ್ ಆಲ್ಟ್‌ಶುಲ್ ಮತ್ತು ಸಂಗಡಿಗರು ರೂಪಿಸಿದ ಬ್ಲಾಸ್ಟ್ ಎಂಬ ತಂತ್ರಾಂಶ. ನಮ್ಮ ಜೀನಿನ ಅಕ್ಷರಸಾಲನ್ನು ಅದಕ್ಕೆ ಕೊಟ್ಟರೆ, ಜಗತ್ತಿನ ಡೇಟಾಬೇಸ್‌ಗಳಲ್ಲಿ ಅದನ್ನು ಹೋಲುವ ಸಾಲುಗಳು ಯಾವುವು, ಆ ಹೋಲಿಕೆ ಆಕಸ್ಮಿಕವಾಗಿ ಬಂದಿರುವ ಸಾಧ್ಯತೆ ಎಷ್ಟು ಕಡಿಮೆ ಎಂದು ಕ್ಷಣಗಳಲ್ಲಿ ಹೇಳುತ್ತದೆ. ಹೋಲಿಕೆ ಗಾಢವಾಗಿದ್ದರೆ ಎರಡಕ್ಕೂ ಒಂದೇ ಮೂಲ. ಮೂಲ ಒಂದೇ ಆದರೆ ಕೆಲಸವೂ ಒಂದೇ ಇರಬೇಕು ಎಂಬುದು ತರ್ಕ. ಇಂಟರ್‌ಪ್ರೊ ಎಂಬ ಇನ್ನೊಂದು ಸಾಧನ ಇಡೀ ಪ್ರೋಟೀನನ್ನು ಹೋಲಿಸದೆ ಅದರೊಳಗಿನ ಗುರುತಿನ ಭಾಗಗಳನ್ನಷ್ಟೇ ಹುಡುಕುತ್ತದೆ. ಜಪಾನಿನ ಕ್ಯೋಟೋದಲ್ಲಿ 1995ರಲ್ಲಿ ಶುರುವಾದ ಕೆಗ್ ಎಂಬುದು ಜೀವಕೋಶದ ರಾಸಾಯನಿಕ ಮಾರ್ಗಗಳ ನಕ್ಷೆಯಲ್ಲಿ ಆ ಜೀನಿಗೊಂದು ಜಾಗ ಕೊಡುತ್ತದೆ. ಈ ಮೂರೂ ಹೇಳುವ ಮಾತಿನ ತಳದಲ್ಲಿ ಇರುವುದು ಒಂದೇ ಸಂಗತಿ: ಎಲ್ಲೋ ಒಂದು ಕಡೆ, ಯಾವುದೋ ಒಂದು ಜೀವಿಯಲ್ಲಿ, ಯಾರೋ ಕೈಯಾರೆ ಮಾಡಿದ ಪ್ರಯೋಗ.

ಒಂದು ಉದಾಹರಣೆಯ ಬೇರನ್ನು ಹಿಡಿದು ಹೋಗೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಇಷ್ಟು ಕ್ಯಾಲ್ಸಿಯಂ ಕಾಳಿಗೆ ಹೇಗೆ ಬಂತು ಎಂದು ಕೇಳಿದವರಿಗೆ ತಂತ್ರಾಂಶಗಳು ತೋರಿಸುವ ಹೆಸರುಗಳಲ್ಲಿ ಒಂದು ಸಿಎಎಕ್ಸ್. ಆ ಹೆಸರಿನ ಮೂಲ 1996ರ ಒಂದು ಪ್ರಯೋಗದಲ್ಲಿದೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಅದನ್ನು ಜೀವಕೋಶದೊಳಗಿನ ರಸದಾನಿ ಎಂಬ ಚೀಲಕ್ಕೆ ತಳ್ಳಲಾರದ ಯೀಸ್ಟ್ ತಳಿಯೊಂದಿತ್ತು. ಕ್ಯಾಲ್ಸಿಯಂ ತುಂಬಿದ ಮಾಧ್ಯಮದಲ್ಲಿ ಅದು ಬೆಳೆಯುತ್ತಿರಲಿಲ್ಲ. ಕೆಂಡಲ್ ಹಿರ್ಷಿ ಮತ್ತು ಸಂಗಡಿಗರು ಅದರೊಳಗೆ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಕಳೆಗಿಡದ ಜೀನ್‌ಗಳನ್ನು ಸೇರಿಸಿದರು. ಒಂದು ಜೀನ್ ಸೇರಿದಾಗ ಯೀಸ್ಟ್ ಮತ್ತೆ ಬೆಳೆಯತೊಡಗಿತು. ಆ ಜೀನ್ ಕ್ಯಾಲ್ಸಿಯಂ ಸಾಗಿಸುತ್ತದೆ ಎಂದು ಹೇಳಲು ಅದು ನೇರ ಪುರಾವೆ. 2008ರಲ್ಲಿ ಅದೇ ಜೀನಿನ ಮಾರ್ಪಡಿಸಿದ ರೂಪವನ್ನು ಗಜ್ಜರಿಗೆ ಸೇರಿಸಿದಾಗ ಗಜ್ಜರಿಯ ಕ್ಯಾಲ್ಸಿಯಂ ಏರಿದ್ದು, ಅದನ್ನು ತಿಂದವರ ಮೈಗೆ ಹೆಚ್ಚು ಕ್ಯಾಲ್ಸಿಯಂ ಸೇರಿದ್ದು ಸಾಬೀತಾಯಿತು. ಇಲ್ಲಿಯವರೆಗೆ ದಾರಿ ಗಟ್ಟಿ. ಮುಂದಿನ ಹೆಜ್ಜೆಯಲ್ಲಿ ರಾಗಿಯ ಒಂದು ಜೀನ್ ಅರಾಬಿಡಾಪ್ಸಿಸ್‌ನ ಆ ಜೀನನ್ನು ಹೋಲುತ್ತದೆ ಎಂದು ಬ್ಲಾಸ್ಟ್ ಹೇಳುತ್ತದೆ, ರಾಗಿಯ ಪಟ್ಟಿಯಲ್ಲಿ ಅದಕ್ಕೆ ಸಿಎಎಕ್ಸ್ ಎಂಬ ಹೆಸರು ಬರುತ್ತದೆ. ಆದರೆ ಅದೇ ಕುಟುಂಬದ ಸಿಎಎಕ್ಸ್-2 ಎಂಬುದು ಮ್ಯಾಂಗನೀಸ್, ಕ್ಯಾಡ್ಮಿಯಂಗಳನ್ನೂ ಸಾಗಿಸುತ್ತದೆ. ರಾಗಿಯ ಈ ಜೀನ್ ಯಾವುದನ್ನು ಸಾಗಿಸುತ್ತದೆ? ಬೇರಿನಲ್ಲೋ, ಎಲೆಯಲ್ಲೋ, ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿನಲ್ಲೋ? ಎರಡು ಪೂರ್ವಜರಿಂದ ಬಂದ ಎರಡು ಪ್ರತಿಗಳಲ್ಲಿ ದುಡಿಯುವುದು ಯಾವುದು? ಹೆಸರು ಇದಾವುದಕ್ಕೂ ಉತ್ತರ ಕೊಡುವುದಿಲ್ಲ. ಪಂತನಗರದ ಕೃಷಿ ವಿಶ್ವವಿದ್ಯಾಲಯದವರು ಕ್ಯಾಲ್ಸಿಯಂ ಹೆಚ್ಚಿರುವ ಮತ್ತು ಕಡಿಮೆಯಿರುವ ರಾಗಿ ತಳಿಗಳ ಎಳೆ ತೆನೆಗಳನ್ನು ಪಕ್ಕಪಕ್ಕ ಇಟ್ಟು, ಕ್ಯಾಲ್ಸಿಯಂಗೆ ಸ್ಪಂದಿಸುವ ಜೀನ್‌ಗಳು ಎಲ್ಲಿ ಎಷ್ಟು ಚುರುಕಾಗಿವೆ ಎಂದು ಹೋಲಿಸಿ ನೋಡಿದ್ದಾರೆ. ಒಳ್ಳೆಯ ಹೆಜ್ಜೆ ಅದು. ಆದರೂ ಒಂದು ಜೀನ್ ಚುರುಕಾಗಿದೆ ಎಂಬುದಕ್ಕೂ ಅದರಿಂದಲೇ ಕ್ಯಾಲ್ಸಿಯಂ ಬಂದಿದೆ ಎಂಬುದಕ್ಕೂ ನಡುವೆ ಇನ್ನೊಂದು ಪ್ರಯೋಗದಷ್ಟು ದೂರವಿದೆ.

ಈ ದೂರವನ್ನು ಅಳೆದು ಬರೆದಿಡುವ ಏರ್ಪಾಟನ್ನು ವಿಜ್ಞಾನಿಗಳೇ ಮಾಡಿಕೊಂಡಿದ್ದಾರೆ, ಅದು ಬಹುಪಾಲು ಜನರ ಕಣ್ಣಿಗೆ ಬಿದ್ದಿಲ್ಲವಷ್ಟೆ. ಯೀಸ್ಟ್, ಹಣ್ಣುನೊಣ, ಇಲಿ ಈ ಮೂರರ ಡೇಟಾಬೇಸ್ ನಡೆಸುತ್ತಿದ್ದವರು 1998ರಲ್ಲಿ ಒಟ್ಟುಗೂಡಿ ಜೀನ್ ಆಂಟಾಲಜಿ ಎಂಬ ಯೋಜನೆ ಆರಂಭಿಸಿದರು. ಒಂದೇ ಕೆಲಸವನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದ ಗೊಂದಲವನ್ನು ತೊಡೆಯುವುದು ಅದರ ಮೊದಲ ಉದ್ದೇಶ. ಅದರ ಜೊತೆಗೇ ಅವರು ಇನ್ನೊಂದು ಶಿಸ್ತನ್ನು ತಂದರು: ಪ್ರತಿ ಟಿಪ್ಪಣಿಯ ಪಕ್ಕದಲ್ಲೂ ಪುರಾವೆಯ ಸಂಕೇತ ಇರಬೇಕು. ಐಡಿಎ ಎಂದಿದ್ದರೆ ಪ್ರಯೋಗಶಾಲೆಯಲ್ಲಿ ನೇರವಾಗಿ ಅಳೆದು ಕಂಡದ್ದು. ಐಎಂಪಿ ಎಂದರೆ ಜೀನನ್ನು ಕೆಡಿಸಿ ಏನಾಗುತ್ತದೆ ಎಂದು ನೋಡಿದ್ದು. ಐಎಸ್‌ಎಸ್ ಎಂದರೆ ಅಕ್ಷರಸಾಲಿನ ಹೋಲಿಕೆಯನ್ನು ತಜ್ಞರೊಬ್ಬರು ಪರಿಶೀಲಿಸಿ ಒಪ್ಪಿದ್ದು. ಐಇಎ ಎಂದರೆ ಯಾರೂ ಒಂದೊಂದಾಗಿ ಪರಿಶೀಲಿಸದೆ ಕಂಪ್ಯೂಟರ್ ತಾನಾಗಿ ಅಂಟಿಸಿದ್ದು. ಹೊಸದಾಗಿ ಓದಿದ ಯಾವುದೇ ಬೆಳೆಯ ಜೀನೋಮ್ ತೆಗೆದು ನೋಡಿ, ಟಿಪ್ಪಣಿಗಳಲ್ಲಿ ದೊಡ್ಡ ಪಾಲು ಈ ಕೊನೆಯ ಬಗೆಯದು. ಪ್ರೋಟೀನ್‌ಗಳ ದೊಡ್ಡ ಕಣಜವಾದ ಯುನಿಪ್ರಾಟ್‌ನಲ್ಲೂ ಇದೇ ಚಿತ್ರ. ಅಮೋಸ್ ಬೈರೋಕ್ 1986ರಲ್ಲಿ ಶುರುಮಾಡಿದ ಸ್ವಿಸ್-ಪ್ರಾಟ್ ಅದರ ಒಂದು ಭಾಗ. ತಜ್ಞರು ಸಂಶೋಧನಾ ಪ್ರಬಂಧಗಳನ್ನು ಓದಿ ತಿದ್ದಿದ ನಮೂದುಗಳು ಅದರಲ್ಲಿ ಸುಮಾರು 5.7 ಲಕ್ಷ. ಕಂಪ್ಯೂಟರ್ ಟಿಪ್ಪಣಿ ಹಾಕಿ ತುಂಬಿಸಿದ ಇನ್ನೊಂದು ಭಾಗದಲ್ಲಿ 2024ರ ಹೊತ್ತಿಗೆ 20 ಕೋಟಿಗೂ ಹೆಚ್ಚು ನಮೂದುಗಳಿದ್ದವು. ಟಿಪ್ಪಣಿ ಡೇಟಾಬೇಸ್‌ನಿಂದ ಪ್ರಬಂಧದ ಕೋಷ್ಟಕಕ್ಕೆ, ಅಲ್ಲಿಂದ ಪತ್ರಿಕಾ ಪ್ರಕಟಣೆಗೆ, ಅಲ್ಲಿಂದ ಸುದ್ದಿಗೆ ಇಳಿಯುವ ದಾರಿಯಲ್ಲಿ ಮೊದಲು ಉದುರಿಹೋಗುವುದೇ ಈ ಪುರಾವೆಯ ಸಂಕೇತ. ಉಳಿಯುವುದು ‘ಬರ ಸಹಿಸುವ ಇಷ್ಟು ಜೀನ್ ಪತ್ತೆ’ ಎಂಬ ಸಾಲು.

ಸಂಕೇತ ಉದುರಿದರೆ ಏನು ನಷ್ಟ? 2009ರಲ್ಲಿ ಅಲೆಕ್ಸಾಂಡ್ರಾ ಶ್ನೋಸ್, ಪೆಟ್ರೀಷಿಯಾ ಬ್ಯಾಬಿಟ್ ಮೊದಲಾದವರು ಈ ನಷ್ಟವನ್ನು ಅಳೆದರು. ಪ್ರಯೋಗಗಳಿಂದ ಚೆನ್ನಾಗಿ ತಿಳಿದಿರುವ 37 ಕಿಣ್ವ ಕುಟುಂಬಗಳನ್ನು ಆರಿಸಿಕೊಂಡು, ನಾಲ್ಕು ಪ್ರಮುಖ ಡೇಟಾಬೇಸ್‌ಗಳಲ್ಲಿ ಆ ಹೆಸರು ಹೊತ್ತ ಪ್ರೋಟೀನ್‌ಗಳು ನಿಜಕ್ಕೂ ಆ ಕೆಲಸಕ್ಕೆ ಬೇಕಾದ ಅಂಗಗಳನ್ನು ಹೊಂದಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದರು. ಕೈಯಾರೆ ತಿದ್ದಿದ ಸ್ವಿಸ್-ಪ್ರಾಟ್‌ನಲ್ಲಿ ತಪ್ಪು ಸೊನ್ನೆಗೆ ಹತ್ತಿರವಿತ್ತು. ಉಳಿದ ಮೂರರಲ್ಲಿ ಕಿಣ್ವಗಳ ಗುಂಪಿಗೆ ತಕ್ಕಂತೆ ಸರಾಸರಿ ಶೇ 5ರಿಂದ ಶೇ 63ರವರೆಗೆ ತಪ್ಪುಗಳಿದ್ದವು. ಕೆಲವು ಕುಟುಂಬಗಳಲ್ಲಿ ಅದು ಶೇ 80 ದಾಟಿತ್ತು. ಹೆಚ್ಚಿನವು ಪೂರ್ತಿ ಸುಳ್ಳುಗಳಲ್ಲ, ಇರುವ ಪುರಾವೆಗಿಂತ ಹೆಚ್ಚು ಖಚಿತವಾಗಿ ಹೇಳಿದ ಮಾತುಗಳು. ಇದು ಒಂದರಿಂದ ಇನ್ನೊಂದಕ್ಕೆ ಹರಿಯುವ ತಪ್ಪು. ಒಂದು ಜೀನಿಗೆ ಬಿದ್ದ ತಪ್ಪು ಹೆಸರನ್ನು ಎರಡನೆಯದು ಹೋಲಿಕೆಯಿಂದ ಪಡೆಯುತ್ತದೆ, ಎರಡನೆಯದರಿಂದ ಮೂರನೆಯದು. ಕೊನೆಗೆ ಸಾವಿರ ಜೀನ್‌ಗಳಿಗೆ ಒಂದೇ ಹೆಸರಿರುವುದನ್ನು ಕಂಡವರು ಇಷ್ಟೊಂದು ಕಡೆ ಹೀಗೇ ಇದೆಯಲ್ಲ, ಸರಿಯೇ ಇರಬೇಕು ಎಂದುಕೊಳ್ಳುತ್ತಾರೆ. ಸಾವಿರಕ್ಕೂ ಆಧಾರ ಒಂದೇ, ಆ ಒಂದೂ ಅಲುಗಾಡುತ್ತಿದೆ ಎಂಬುದು ಅಲ್ಲಿ ಕಾಣುವುದಿಲ್ಲ.

ಹೋಲಿಕೆ ಎಲ್ಲಿ ಸೋಲುತ್ತದೆ ಎಂದು ತೋರಿಸುವ ಇನ್ನೆರಡು ಸಂಗತಿಗಳಿವೆ. ಕ್ರೇಗ್ ವೆಂಟರ್ ಸಂಸ್ಥೆಯವರು 2016ರಲ್ಲಿ ಬದುಕಲು ಎಷ್ಟು ಬೇಕೋ ಅಷ್ಟೇ ಜೀನ್ ಇಟ್ಟುಕೊಂಡ ಬ್ಯಾಕ್ಟೀರಿಯಾವೊಂದನ್ನು ರೂಪಿಸಿದರು. ಅದರಲ್ಲಿದ್ದದ್ದು ಬರೀ 473 ಜೀನ್. ಅವುಗಳಲ್ಲಿ 149ರ ಕೆಲಸ ಸರಿಯಾಗಿ ಗೊತ್ತಿರಲಿಲ್ಲ. ತೆಗೆದರೆ ಜೀವ ಹೋಗುತ್ತದೆ ಅಥವಾ ಕುಂಟುತ್ತದೆ, ಆದರೆ ಯಾಕೆ ಎಂದು ಹೇಳಲು ಯಾರಿಗೂ ಆಗಲಿಲ್ಲ. ಎರಡನೆಯದು ಇ. ಕೋಲಿ. ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಅದಕ್ಕಿಂತ ಹೆಚ್ಚು ಪಳಗಿದ ಬ್ಯಾಕ್ಟೀರಿಯಾ ಇಲ್ಲ. ಅದರ ಜೀನ್‌ಗಳಲ್ಲಿ ಶೇ 35ರಷ್ಟಕ್ಕೆ ಪ್ರಯೋಗದ ಪುರಾವೆ ಇಲ್ಲ ಎಂದು 2019ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿತು. ಇ. ಕೋಲಿಯ ಸ್ಥಿತಿಯೇ ಹೀಗಿದ್ದರೆ ರಾಗಿಯದು ಹೇಗಿರಬೇಕು ಎಂದು ಊಹಿಸಿಕೊಳ್ಳಬಹುದು. ರಾಗಿಯ ವಿಷಯದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ತಂತ್ರಾಂಶ ರಾಗಿಯಲ್ಲಿ ಕಂಡುಹಿಡಿಯುವುದು ಅರಾಬಿಡಾಪ್ಸಿಸ್, ಭತ್ತ, ಮೆಕ್ಕೆಜೋಳದಂಥವುಗಳಲ್ಲಿ ಈಗಾಗಲೇ ಕಂಡುಹಿಡಿದದ್ದನ್ನು ಮಾತ್ರ. ಅರಾಬಿಡಾಪ್ಸಿಸ್ ಬರದ ನಾಡಿನ ಗಿಡವಲ್ಲ. ಭತ್ತದ ಕಾಳಿನಲ್ಲಿ ಕ್ಯಾಲ್ಸಿಯಂ ತುಂಬಿರುವುದಿಲ್ಲ. ರಾಗಿಯನ್ನು ರಾಗಿಯನ್ನಾಗಿ ಮಾಡಿದ ಗುಣಗಳು ಯಾವುವೋ ಅವುಗಳಲ್ಲೇ ಹೋಲಿಸಲು ಜೊತೆ ಸಿಗುವುದಿಲ್ಲ. ಹಾಗಾಗಿ ಬಯಲುಸೀಮೆಯ ರೈತನಿಗೆ ಬೇಕಾದ ಜೀನ್‌ಗಳೇ ಪಟ್ಟಿಯಲ್ಲಿ ‘ಕೆಲಸ ಗೊತ್ತಿಲ್ಲ’ ಎಂಬ ಸಾಲಿನಲ್ಲಿ ಉಳಿದುಹೋಗುವ ಸಂಭವ ಹೆಚ್ಚು. ಈ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ, ಅವು ಹಗುರವಾದವೂ ಅಲ್ಲ. ಸಾವಿರಾರು ಪ್ರಭೇದಗಳ ಪ್ರತಿ ಜೀನಿಗೂ ಪ್ರಯೋಗ ಮಾಡುತ್ತ ಕೂರಲು ಯಾರಿಂದ ಸಾಧ್ಯ? ಹೋಲಿಕೆಯ ತರ್ಕ ಬಹಳ ಸಲ ಸರಿಯೇ ಇರುತ್ತದಲ್ಲ? ಹೌದು, ಎರಡೂ ಸರಿ. ಯೀಸ್ಟ್‌ನ ಜೀನ್ ಕೆಟ್ಟಿರುವಾಗ ಕಳೆಗಿಡವೊಂದರ ಜೀನ್ ಅದರ ಜಾಗದಲ್ಲಿ ದುಡಿಯುತ್ತದೆ ಎಂಬುದೇ ಹೋಲಿಕೆಯ ತರ್ಕಕ್ಕೆ ಸಿಕ್ಕ ದೊಡ್ಡ ಸಮರ್ಥನೆ. ತಂತ್ರಾಂಶಗಳಿಲ್ಲದೆ ಜೀನೋಮ್ ಎಂಬುದು ಅರ್ಥವಿಲ್ಲದ ಅಕ್ಷರರಾಶಿ. ಕೇಳುತ್ತಿರುವುದು ಎಲ್ಲಕ್ಕೂ ಪ್ರಯೋಗವಲ್ಲ. ತಂತ್ರಾಂಶ ತೋರಿಸಿದ ಸಾವಿರದಲ್ಲಿ ನಮಗೆ ನಿಜಕ್ಕೂ ಬೇಕಾದ ಹತ್ತನ್ನು ಆರಿಸಿ ಪರೀಕ್ಷಿಸಿ ಎಂದು. 2023ರ ರಾಗಿ ಜೀನೋಮಿನ ಪ್ರಬಂಧದಲ್ಲೇ ಇದಕ್ಕೆ ಒಳ್ಳೆಯ ಮಾದರಿಯಿದೆ. ಕೆಲವು ರಾಗಿ ತಳಿಗಳ ಹೂವಿನ ಶಲಾಕಾಗ್ರ ನೇರಳೆ ಬಣ್ಣದ್ದು, ಕೆಲವದು ಅಲ್ಲ. ಮೆಕ್ಕೆಜೋಳದಲ್ಲಿ ಬಣ್ಣ ತರುವ ಜೀನ್ ದಶಕಗಳಿಂದ ಗೊತ್ತಿತ್ತು. ಅದನ್ನು ಹೋಲುವ ಜೀನ್ ರಾಗಿಯಲ್ಲೂ ಸಿಕ್ಕಿತು. ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಬಣ್ಣದ ಗುಣ ವರ್ಣತಂತುವಿನ ಯಾವ ಜಾಗಕ್ಕೆ ಅಂಟಿಕೊಂಡಿದೆ ಎಂದು ತಳಿಗಳನ್ನು ಬೆಳೆಸಿ ನೋಡಿದರು, ಬಣ್ಣ ಕಳೆದುಕೊಂಡ ತಳಿಗಳಲ್ಲಿ ಅದೇ ಜೀನ್ ಮುರಿದಿರುವುದನ್ನು ಕಂಡರು. ಹೋಲಿಕೆ, ವಂಶಾನುಗತ ಗುಣ, ಮುರಿದ ಜೀನ್, ಮೂರೂ ಒಂದೇ ಕಡೆ ಬೊಟ್ಟು ಮಾಡಿದವು. ಹೆಸರಿಡುವ ಕ್ರಮ ಇದು.

ಎರಡನೆಯ ಆಕ್ಷೇಪ ಈಗ ಎಲ್ಲರ ಬಾಯಲ್ಲೂ ಇರುವುದು: ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಪ್ರಯೋಗ ಯಾಕೆ? ಆಲ್ಫಾಫೋಲ್ಡ್ ಮಾಡಿದ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಅಕ್ಷರಸಾಲಿನಿಂದಲೇ ಪ್ರೋಟೀನಿನ ಮೂರು ಆಯಾಮದ ಆಕಾರವನ್ನು ಹೇಳುವ ಅದು 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಆಕಾರಗಳನ್ನು ಉಚಿತವಾಗಿ ಎಲ್ಲರಿಗೂ ತೆರೆದಿಟ್ಟಿತು. 2024ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಪಾಲು ಸಿಕ್ಕಿದ್ದು ಅದಕ್ಕೇ. ಆದರೆ ಆಕಾರ ತಿಳಿದರೆ ಕೆಲಸ ತಿಳಿದಂತಾಗುವುದಿಲ್ಲ. ಟಿಮ್ ಬ್ಯಾರೆಲ್ ಎಂಬ ಒಂದೇ ಆಕಾರ ಪರಸ್ಪರ ಸಂಬಂಧವೇ ಇಲ್ಲದ ಹತ್ತಾರು ಬಗೆಯ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳಲ್ಲಿ ಕಾಣಸಿಗುತ್ತದೆ. ಕೆಲಸವನ್ನೇ ನೇರವಾಗಿ ಊಹಿಸುವ ಮಾದರಿಗಳೂ ಬಂದಿವೆ. 2023ರಲ್ಲಿ ಪ್ರಕಟವಾದ ಅಂಥ ಒಂದು ಮಾದರಿ ಇ. ಕೋಲಿಯ ನೂರಾರು ಪ್ರೋಟೀನ್‌ಗಳಿಗೆ ಹೊಸ ಕೆಲಸ ಸೂಚಿಸಿತು. ವೈಸಿಐಒ ಎಂಬ ಪ್ರೋಟೀನ್ ಟಿಎಸ್‌ಎಸಿ ಎಂಬ ಇನ್ನೊಂದರ ಕೆಲಸವನ್ನೇ ಮಾಡುತ್ತದೆ ಎಂದಿತು. ಫ್ಲೋರಿಡಾ ವಿಶ್ವವಿದ್ಯಾಲಯದ ವಲೇರಿ ದ ಕ್ರೆಸಿ-ಲಗಾರ್ ಮತ್ತು ಸಂಗಡಿಗರು ಆ ಪಟ್ಟಿಯನ್ನು ಕೂಲಂಕಷವಾಗಿ ತೆರೆದು ನೋಡಿದರು. ಎಷ್ಟೋ ಸೂಚನೆಗಳು ಹೊಸವೇ ಆಗಿರಲಿಲ್ಲ, ಇನ್ನು ಕೆಲವು ಜೀವಕೋಶದಲ್ಲಿ ನಡೆಯುವ ಸಾಧ್ಯತೆಯೇ ಇರಲಿಲ್ಲ. ವೈಸಿಐಒ ವಿಷಯದಲ್ಲಿ ಅವರ ತರ್ಕ ಸರಳ: ಎರಡೂ ಒಂದೇ ಕೆಲಸ ಮಾಡುತ್ತಿದ್ದರೆ ಟಿಎಸ್‌ಎಸಿ ತೆಗೆದಾಗ ಬ್ಯಾಕ್ಟೀರಿಯಾ ಬದುಕಬೇಕಿತ್ತು. ವೈಸಿಐಒ ಇದ್ದೂ ಅದು ಬದುಕುವುದಿಲ್ಲ. ಎರಡು ಪ್ರೋಟೀನ್‌ಗಳ ಸಾಲೂ ಆಕಾರವೂ ಹೋಲುತ್ತವೆ, ಮಾದರಿ ಎಡವಿದ್ದು ಅಲ್ಲೇ. ಕಲಿಯುವ ಯಂತ್ರಕ್ಕೆ ಪಾಠ ಬರುವುದು ಡೇಟಾಬೇಸ್‌ನಿಂದಲೇ. ಅಲ್ಲಿನ ಸರಿಯನ್ನು ಅದು ಸರಿಯಾಗಿ ಕಲಿಯುತ್ತದೆ, ತಪ್ಪನ್ನೂ ಅಷ್ಟೇ ಸರಿಯಾಗಿ ಕಲಿಯುತ್ತದೆ. ಈ ತಂತ್ರಾಂಶಗಳ ಶಕ್ತಿಯನ್ನು ಅಳೆಯಲು ವಿಜ್ಞಾನಿಗಳು ಕಾಫಾ ಎಂಬ ಸ್ಪರ್ಧೆ ನಡೆಸುತ್ತಾರೆ. ಎಲ್ಲರೂ ತಮ್ಮ ಊಹೆಗಳನ್ನು ಮೊದಲೇ ಸಲ್ಲಿಸಬೇಕು. ಆಮೇಲೆ ತಿಂಗಳುಗಟ್ಟಲೆ ಕಾದು, ಅಷ್ಟರಲ್ಲಿ ಬಂದ ಹೊಸ ಪ್ರಯೋಗಗಳ ಜೊತೆ ತಾಳೆ ನೋಡಿ ಅಂಕ ಕೊಡುತ್ತಾರೆ. ಕೃತಕ ಬುದ್ಧಿಮತ್ತೆಗೆ ಅಂಕ ಕೊಡಬೇಕಾದರೂ ಪ್ರಯೋಗವೇ ಬೇಕು.

ಮೂರನೆಯ ಆಕ್ಷೇಪ ನಮ್ಮ ನೆಲದ್ದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದಾಗ ಒಂದೇ ಒಂದು ಜೀನಿನ ಹೆಸರೂ ಅವರ ಕೈಯಲ್ಲಿರಲಿಲ್ಲ. ರಾಗಿಯ ಹೂವು ತೀರಾ ಪುಟ್ಟದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದರಲ್ಲಿ ಸಂಕರ ಮಾಡಿ ಇಳುವರಿ ಹೆಚ್ಚಿಸಿದ ಅವರ ಕೆಲಸ ಹಳೇ ಮೈಸೂರು ಸೀಮೆಯ ಹೊಲಗಳನ್ನೇ ಬದಲಿಸಿತು. ಹಾಗಿದ್ದರೆ ಜೀನಿನ ಕೆಲಸ ತಿಳಿಯಲು ಇಷ್ಟು ಖರ್ಚು ಯಾಕೆ? ಈ ಪ್ರಶ್ನೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಲಕ್ಷ್ಮಣಯ್ಯನವರು ಪ್ರತಿ ಸಂಕರವನ್ನೂ ಹೊಲದಲ್ಲಿ ಬೆಳೆದು, ತೆನೆ ನೋಡಿ, ತೂಗಿ ಆರಿಸಿದರು. ಅವರ ಪ್ರತಿ ತೀರ್ಮಾನದ ಹಿಂದೆ ಗಿಡವೇ ಕೊಟ್ಟ ಸಾಕ್ಷ್ಯ ಇತ್ತು. ಈಗ ಜೀನ್ ಗುರುತುಗಳನ್ನು ನೋಡಿ ಸಸಿಯಲ್ಲೇ ಆಯ್ಕೆ ಮಾಡುವ, ಜೀನನ್ನೇ ತಿದ್ದುವ ದಾರಿಗಳು ತೆರೆದಿವೆ. ಕಾಲ ಉಳಿಯುತ್ತದೆ, ನಿಜ. ಆದರೆ ಆಯ್ಕೆಯ ಭಾರ ಹೊಲದಿಂದ ಪಟ್ಟಿಗೆ ವರ್ಗವಾಗುತ್ತದೆ. ಪಟ್ಟಿಯ ಹೆಸರು ತಪ್ಪಿದ್ದರೆ ವರ್ಷಗಟ್ಟಲೆ ದುಡಿಮೆ ನೀರುಪಾಲು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಎರಡು ಜೀನ್-ತಿದ್ದಿದ ಭತ್ತದ ತಳಿಗಳನ್ನೇ ನೋಡಿ. ಒಂದರಲ್ಲಿ ತಿದ್ದಿದ ಡಿಎಸ್‌ಟಿ ಜೀನಿನ ಕೆಲಸವನ್ನು 2009ರಲ್ಲಿ ಚೀನಾದ ವಿಜ್ಞಾನಿಗಳು, ಇನ್ನೊಂದರಲ್ಲಿ ತಿದ್ದಿದ ಜೀನಿನ ಕೆಲಸವನ್ನು 2005ರಲ್ಲಿ ಜಪಾನಿನವರು ಭತ್ತದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಯಾವ ಜೀನನ್ನು ಕೆಡಿಸಿದರೆ ಭತ್ತಕ್ಕೆ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದುದರಿಂದ ತಿದ್ದುವವರು ಗುರಿಯಿಟ್ಟು ತಿದ್ದಿದರು. ರಾಗಿಗೆ ಅಂಥ ಹಳೆಯ ಪ್ರಯೋಗಗಳ ಬೆಂಬಲ ಕಡಿಮೆ.

ಹಾಗಾದರೆ ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು? ಟಿಪ್ಪಣಿ ತಿದ್ದುವ ಕೆಲಸ ಬೇರೆ ದೇಶಗಳಲ್ಲೂ ಸುಲಭವಾಗಿ ಕತ್ತರಿಗೆ ಸಿಗುವ ಕೆಲಸ. 1996ರಲ್ಲಿ ಸ್ವಿಸ್-ಪ್ರಾಟ್‌ಗೇ ಹಣ ನಿಂತು ಮುಚ್ಚುವ ಹಂತ ಬಂದಿತ್ತು. ಜಗತ್ತಿನ ವಿಜ್ಞಾನಿಗಳು ಒಕ್ಕೊರಲಿನಿಂದ ಕೂಗೆಬ್ಬಿಸಿದ ಮೇಲೆ ಅದು ಉಳಿಯಿತು. ಅರಾಬಿಡಾಪ್ಸಿಸ್‌ನ ಡೇಟಾಬೇಸ್ ಟೇರ್ ಅಮೆರಿಕ ಸರ್ಕಾರದ ನೆರವು ಕಳೆದುಕೊಂಡು 2013ರ ನಂತರ ಚಂದಾ ಹಣದಿಂದ ನಡೆಯಬೇಕಾಯಿತು. ನಮ್ಮಲ್ಲಿ ಓದುವ ಕೆಲಸಕ್ಕೆ ಉತ್ಸಾಹ ಬೇಕಾದಷ್ಟಿದೆ. ಬೆಂಗಳೂರಿನ ಗಣಿತ್ ಲ್ಯಾಬ್ಸ್ ಬೇವನ್ನು ಓದಿತು, ಅದೇ ಊರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ತುಳಸಿಯನ್ನು ಓದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದಿದ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಈ ಕೆಲಸಗಳ ಬಗ್ಗೆ ಹೆಮ್ಮೆ ಪಡುವುದು ಸಹಜ. ಆದರೆ ಓದಿ ಪ್ರಕಟಿಸಿದ ಮೇಲೆ ಆ ಪಟ್ಟಿಯನ್ನು ವರ್ಷ ವರ್ಷ ತಿದ್ದುತ್ತ ಹೋಗುವ ಹುದ್ದೆ, ಅದಕ್ಕೆ ತಕ್ಕ ಗೌರವ, ಬಡ್ತಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿ ನೆಲೆಗೊಳ್ಳಬೇಕು. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಂಗ್ರಹದಲ್ಲಿ ಸಾವಿರಾರು ರಾಗಿ ಮಾದರಿಗಳಿವೆ. ಹೊಲಗಳಿವೆ, ಪ್ರತಿ ವರ್ಷ ಸ್ನಾತಕೋತ್ತರ ಪದವಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬ ವಿದ್ಯಾರ್ಥಿ ರಾಗಿಯ ಒಂದೊಂದು ಜೀನನ್ನು ಹಿಡಿದು, ಅದು ಮುರಿದಿರುವ ಗಿಡವನ್ನು ಹುಡುಕಿಯೋ ಮುರಿದೋ, ಬರದಲ್ಲಿ ಬೆಳೆದು, ಕಾಳಿನ ಕ್ಯಾಲ್ಸಿಯಂ ಅಳೆದು ಬರೆದಿಟ್ಟರೆ, ಆ ಫಲಿತಾಂಶ ಜೀನ್ ಆಂಟಾಲಜಿಯಲ್ಲಿ ಐಎಂಪಿ ಎಂಬ ಸಂಕೇತದೊಂದಿಗೆ ಸೇರಬಹುದು. ರಾಗಿಗೆ ಎರಡೆರಡು ಪ್ರತಿಗಳಿರುವುದರಿಂದ ಎರಡನ್ನೂ ಕೆಡಿಸಿ ನೋಡಬೇಕು, ಭತ್ತದಷ್ಟು ಸಲೀಸಲ್ಲ. ಆದರೂ ಇದು ನಮ್ಮ ಶಕ್ತಿ ಮೀರಿದ ಕೆಲಸವಲ್ಲ. ಕೃಷಿ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಜೀನೋಮ್ ಯೋಜನೆಗಳಿಗೆ ಮಂಜೂರಾತಿ ಕೊಡುವಾಗಲೇ ಈ ಪರೀಕ್ಷೆಗೆ, ಟಿಪ್ಪಣಿ ತಿದ್ದುವ ಹುದ್ದೆಗಳಿಗೆ ಪಾಲು ಇಡಲಿ. ಸಂಶೋಧಕರು ಪತ್ರಿಕಾ ಪ್ರಕಟಣೆಯಲ್ಲೂ ಪುರಾವೆಯ ಬಗೆಯನ್ನು ಒಂದು ಸಾಲಿನಲ್ಲಿ ಹೇಳಲಿ. ಓದುಗರಲ್ಲೂ ಒಂದು ಕೋರಿಕೆಯಿದೆ: ರಾಗಿಯಲ್ಲಿ ಬರ ಸಹಿಸುವ ಜೀನ್ ಸಿಕ್ಕಿತು ಎಂಬ ಸುದ್ದಿ ಮುಂದೆ ಕಂಡಾಗ, ಅದು ಭತ್ತದ ಜೀನನ್ನು ಹೋಲುತ್ತದೆ ಎಂದಷ್ಟೇ ಹೇಳಿದ್ದಾರೆಯೋ, ಆ ಜೀನ್ ಕೆಟ್ಟ ರಾಗಿ ಗಿಡ ಬರದಲ್ಲಿ ಏನಾಯಿತು ಎಂದು ನೋಡಿ ಹೇಳಿದ್ದಾರೆಯೋ ಎಂದು ಹುಡುಕಿ ಓದಿ.